ಪಣಂಬೂರಿಗೆ ಬರುವ ಹಡಗು, ಮೂಲ್ಕಿ ಹೆಸರಿನ ಬೆಂಗಾವಲು

2023ರ ಕ್ರಿಸ್‌ಮಸ್ ದಿನ ಮಂಗಳೂರಿನಲ್ಲಿ ಕುಸ್ವಾರ್ ತಿಂಡಿಯ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದ ಹೊತ್ತಿಗೆ, ಪಣಂಬೂರಿಗೆ ಬರಬೇಕಾಗಿದ್ದ ಒಂದು ಹಡಗು ಬರಲಿಲ್ಲ. ಅದರ ಹೆಸರು ಎಂ.ವಿ. ಕೆಮ್ ಪ್ಲೂಟೊ. ಮೇಲೆ ಲೈಬೀರಿಯಾದ ಬಾವುಟ, ಒಡಲಲ್ಲಿ ಕಚ್ಚಾ ತೈಲ. ಸಿಬ್ಬಂದಿ 21 ಮಂದಿ; ಅವರಲ್ಲಿ 20 ಜನ ಭಾರತೀಯರು, ಒಬ್ಬ ವಿಯೆಟ್ನಾಮಿನವನು. ಡಿಸೆಂಬರ್ 19ರಂದು ಕೊಲ್ಲಿಯಿಂದ ಹೊರಟಿದ್ದ ಟ್ಯಾಂಕರ್ 25ಕ್ಕೆ ಪಣಂಬೂರಿನ ನವಮಂಗಳೂರು ಬಂದರು ಮುಟ್ಟಬೇಕಿತ್ತು. 23ರಂದು ಪೋರಬಂದರಿನಿಂದ 217 ನಾಟಿಕಲ್ ಮೈಲು, ಅಂದರೆ ಸುಮಾರು 400 ಕಿಲೋಮೀಟರ್ ದೂರದಲ್ಲಿದ್ದಾಗ ಡ್ರೋನ್ ಬಂದು ಬಡಿಯಿತು. ಬೆಂಕಿ ಹೊತ್ತಿಕೊಂಡಿತು. ಸಿಬ್ಬಂದಿಯೇ ಅದನ್ನು ಆರಿಸಿದರು. ಯಾರ ಜೀವವೂ ಹೋಗಲಿಲ್ಲ.

ಕೋಸ್ಟ್ ಗಾರ್ಡ್‌ನ ‘ವಿಕ್ರಮ್’ ಮತ್ತು ನೌಕಾಪಡೆಯ ‘ಮೋರ್ಮುಗಾವ್’ ಅತ್ತ ಧಾವಿಸಿದವು. ವಿಕ್ರಮ್‌ನ ಬೆಂಗಾವಲಿನಲ್ಲಿ ಪೆಟ್ಟು ತಿಂದ ಟ್ಯಾಂಕರ್ ನಿಧಾನವಾಗಿ ಸಾಗಿ 25ರ ಮಧ್ಯಾಹ್ನ ಮುಂಬೈ ಹೊರಗೆ ಲಂಗರು ಹಾಕಿತು. ಮಂಗಳೂರು ತಲುಪಬೇಕಾಗಿದ್ದ ದಿನವೇ ಮುಂಬೈ ತಲುಪಿತು.

ಬೆಂಗಾವಲು. ಬೆನ್ನಿಗೆ ನಿಂತು ಕಾಯುವುದು. ಮದುವೆಯ ದಿಬ್ಬಣಕ್ಕೂ ರಾಜರ ಖಜಾನೆಗೂ ಹಿಂದೆ ಬೆಂಗಾವಲು ಇರುತ್ತಿತ್ತು. ಕಡಲಿನಲ್ಲಿ ಈ ಕೆಲಸಕ್ಕೆ ಒಂದು ದೊಡ್ಡ ಚರಿತ್ರೆಯಿದೆ, ಅದರ ಬಹುಪಾಲು ಬರೆದದ್ದು ನೀರಿನಡಿಯ ಶತ್ರುವಾದ ಜಲಾಂತರ್ಗಾಮಿ. ಕೆಮ್ ಪ್ಲೂಟೊವನ್ನು ಹೊಡೆದದ್ದು ಆಕಾಶದಿಂದ ಬಂದ ಡ್ರೋನ್ ನಿಜ. ಆದರೆ ಸರಕು ಹಡಗಿನ ನಿಸ್ಸಹಾಯಕತೆ ನೂರು ವರ್ಷದಿಂದ ಒಂದೇ: ಅದು ದೊಡ್ಡದು, ನಿಧಾನ, ಹೋಗುವ ದಾರಿ ಎಲ್ಲರಿಗೂ ಗೊತ್ತು, ತಿರುಗಿ ಹೊಡೆಯಲು ಕೈಯಲ್ಲಿ ಏನೂ ಇಲ್ಲ.

ಈ ಚರಿತ್ರೆಗೆ ಈಗ ನಮ್ಮ ಕರಾವಳಿಯ ಎರಡು ಊರುಗಳ ಹೆಸರು ಸೇರಿದೆ. 2024ರ ಸೆಪ್ಟೆಂಬರ್ 9ರಂದು ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಎರಡು ಯುದ್ಧನೌಕೆಗಳು ಒಂದೇ ದಿನ ನೀರಿಗಿಳಿದವು. ಒಂದು ‘ಮಲ್ಪೆ’, ಇನ್ನೊಂದು ‘ಮೂಲ್ಕಿ’. ದಡದ ಸಮೀಪದ, ಆಳ ಕಡಿಮೆ ಇರುವ ನೀರಿನಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದೇ ಇವುಗಳ ಕೆಲಸ. ಇಂಥ 16 ನೌಕೆಗಳಿಗೆ 2019ರಲ್ಲಿ ಒಪ್ಪಂದವಾಯಿತು. ಎಂಟು ಕೊಚ್ಚಿಯಲ್ಲಿ, ಎಂಟು ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ. ಕೊಚ್ಚಿಯ ಸರಣಿಯ ಮೊದಲನೆಯದಾದ ‘ಮಾಹೆ’ 2025ರ ನವೆಂಬರ್ 24ರಂದು ಮುಂಬೈಯಲ್ಲಿ ಸೇವೆಗೆ ಸೇರಿತು.

ಮಲ್ಪೆ, ಮೂಲ್ಕಿ ಎಂಬ ಹೆಸರುಗಳು ನೌಕಾಪಡೆಗೆ ಹೊಸತಲ್ಲ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಪುಟ್ಟ ಮೈನ್‌ಸ್ವೀಪರ್‌ಗಳಿಗೂ, ಅಂದರೆ ಕಡಲಲ್ಲಿ ಹುದುಗಿಸಿಟ್ಟ ಸಿಡಿಮದ್ದು ಗುಡಿಸುವ ನೌಕೆಗಳಿಗೂ, ಇವೇ ಹೆಸರುಗಳಿದ್ದವು. ಅವು ನಿವೃತ್ತವಾದ ಮೇಲೆ ಹೆಸರು ಹೊಸ ನೌಕೆಗಳಿಗೆ ದಾಟಿದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಹಾಗೆ.

ಮೂಲ್ಕಿಯವರಿಗೆ ಹಡಗಿನ ಕಥೆ ಹೇಳಿಕೊಡಬೇಕಾಗಿಲ್ಲ. ಬಪ್ಪನಾಡು ದುರ್ಗಾಪರಮೇಶ್ವರಿಯ ಸ್ಥಳಪುರಾಣದಲ್ಲೇ ಬಪ್ಪ ಬ್ಯಾರಿ ಎಂಬ ವ್ಯಾಪಾರಿ ಇದ್ದಾನೆ, ಶಾಂಭವಿ ಹೊಳೆಯಲ್ಲಿ ಮುಂದೆ ಚಲಿಸದೆ ನಿಂತುಬಿಟ್ಟ ಅವನ ಸರಕಿನ ನಾವೆ ಇದೆ. ಸರಕು ಸುರಕ್ಷಿತವಾಗಿ ದಡ ಸೇರಬೇಕು ಎಂಬ ಚಿಂತೆ ಅಳಿವೆ ಬಾಗಿಲಿನ ಊರುಗಳಿಗೆ ಹುಟ್ಟಿನಿಂದ ಬಂದದ್ದು. ಹೀಗಾಗಿ ಈ ಊರಿನ ಹೆಸರು ಕಾವಲು ನೌಕೆಗೆ ಬಂದದ್ದು ಸರಿಯಾಗಿಯೇ ಇದೆ. ಮೂಲ್ಕಿ, ಸಸಿಹಿತ್ಲು, ಮಲ್ಪೆಯ ಶಾಲೆಗಳ ಮಕ್ಕಳಿಗೆ ಈ ನೌಕೆಗಳ ಸುದ್ದಿ ಪಾಠದ ಜೊತೆಗೆ ತಲುಪಬೇಕು. ತಮ್ಮ ಊರಿನ ಹೆಸರು ಹೊತ್ತದ್ದು ಏನು ಮಾಡುತ್ತದೆ ಎಂದು ತಿಳಿಯುವ ಹಕ್ಕು ಅವರಿಗಿದೆ.

ಜಲಾಂತರ್ಗಾಮಿಯಿಂದ ಹಡಗು ಕಾಯುವ ವಿದ್ಯೆ ಹುಟ್ಟಿದ್ದು ಮೊದಲ ಮಹಾಯುದ್ಧದಲ್ಲಿ, ಅದೂ ಬಹಳ ಜಗಳದ ನಂತರ. 1917ರ ಏಪ್ರಿಲ್ ಒಂದೇ ತಿಂಗಳಲ್ಲಿ ಸುಮಾರು 8.6 ಲಕ್ಷ ಟನ್ ಹಡಗುಗಳು ಮುಳುಗಿದವು. ಬ್ರಿಟನ್ನಿಗೆ ಗೋಧಿ ಬರುವುದೇ ನಿಂತುಹೋಗುವ ಸ್ಥಿತಿ. ಸರಕು ಹಡಗುಗಳನ್ನು ಒಟ್ಟಿಗೆ ಸೇರಿಸಿ ಯುದ್ಧನೌಕೆಗಳ ಕಾವಲಿನಲ್ಲಿ ಕಳಿಸೋಣ ಎಂಬ ಸಲಹೆಗೆ ಅಲ್ಲಿನ ನೌಕಾ ಕಚೇರಿ ಒಪ್ಪಲಿಲ್ಲ. ವಾರಕ್ಕೆ 2,500 ಹಡಗು ಬರುತ್ತವೆ, ಅಷ್ಟೇ ಹೊರಡುತ್ತವೆ, ಅಷ್ಟಕ್ಕೂ ಕಾವಲು ಎಲ್ಲಿಂದ ತರುವುದು ಎಂಬುದು ಅವರ ವಾದ. ರೆಜಿನಾಲ್ಡ್ ಹೆಂಡರ್ಸನ್ ಎಂಬ ಅಧಿಕಾರಿ ಲೆಕ್ಕದ ಪುಸ್ತಕ ಬಿಡಿಸಿ ನೋಡಿದರು. ಆ ಸಂಖ್ಯೆಯಲ್ಲಿ ದಡದುದ್ದಕ್ಕೂ ಓಡಾಡುವ ಸಣ್ಣಪುಟ್ಟ ದೋಣಿಗಳೆಲ್ಲ ಸೇರಿದ್ದವು. ಮಹಾಸಾಗರ ದಾಟಿ ಬರುವ ನಿಜವಾದ ಹಡಗುಗಳು ವಾರಕ್ಕೆ 120ರಿಂದ 140 ಮಾತ್ರ. ಹಳೆಬಂದರಿನ ದಕ್ಕೆಗೆ ಬರುವ ಎಲ್ಲ ಮೀನಿನ ದೋಣಿಗಳನ್ನೂ ಪಣಂಬೂರಿನ ಟ್ಯಾಂಕರುಗಳನ್ನೂ ಒಂದೇ ಪಟ್ಟಿಯಲ್ಲಿ ಎಣಿಸಿದ ಹಾಗಾಗಿತ್ತು. ಮೇ 10ರಂದು ಜಿಬ್ರಾಲ್ಟರಿನಿಂದ ಮೊದಲ ಪ್ರಯೋಗದ ಕಾನ್ವಾಯ್ ಹೊರಟಿತು, ಸುರಕ್ಷಿತವಾಗಿ ಮುಟ್ಟಿತು.

ಹಡಗುಗಳನ್ನು ಗುಂಪು ಮಾಡಿದರೆ ಶತ್ರುವಿಗೆ ಒಂದೇ ಕಡೆ ಬೇಟೆ ಸಿಗುವುದಿಲ್ಲವೇ? ಅಂದಿನ ನಾವಿಕರ ಭಯವೂ ಇದೇ ಆಗಿತ್ತು. ಇದಕ್ಕೆ ಉತ್ತರ ಬೋಟು ನಡೆಸುವ ಮಲ್ಪೆಯ ಯಾವ ತಾಂಡೇಲನಿಗೂ ಗೊತ್ತು. ಬಂಗುಡೆ ಕಡಲಿನ ತುಂಬ ಚೆಲ್ಲಿಕೊಂಡಿದ್ದರೆ ಬಲೆ ಎಲ್ಲಿ ಬಿಟ್ಟರೂ ನಾಲ್ಕು ಸಿಗುತ್ತದೆ. ಅದು ಹಿಂಡು ಕಟ್ಟಿದರೆ ಉಳಿದ ಕಡಲೆಲ್ಲ ಖಾಲಿ. ದಿನಗಟ್ಟಲೆ ಸುತ್ತಿದರೂ ಹಿಂಡು ಕಾಣದೆ ಬರಿಗೈಯಲ್ಲಿ ಮರಳುವ ದೋಣಿಗಳಿವೆ. ನಲವತ್ತು ಹಡಗು ನಲವತ್ತು ದಾರಿಯಲ್ಲಿ ಹೋದರೆ ಜಲಾಂತರ್ಗಾಮಿಗೆ ನಲವತ್ತು ಅವಕಾಶ. ಒಟ್ಟಿಗೆ ಹೋದರೆ ಒಂದೇ. ಆ ಒಂದು ಸಿಕ್ಕಿದರೂ ಪಕ್ಕದಲ್ಲಿ ಕಾವಲಿದೆ. ದಿಬ್ಬಣದಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರ ಹೆಜ್ಜೆಗೆ ಎಲ್ಲರೂ ಕಾಯುವಂತೆ, ಕಾನ್ವಾಯ್ ಕೂಡ ಅತಿ ನಿಧಾನದ ಹಡಗಿನ ವೇಗದಲ್ಲೇ ಸಾಗಬೇಕು. ಆ ನಿಧಾನ ದುಬಾರಿ. ಹಾಗಿದ್ದರೂ ಮೊದಲ ಮಹಾಯುದ್ಧದ ಸಾಗರ ಕಾನ್ವಾಯ್‌ಗಳಲ್ಲಿ ಹೋದ ಹಡಗುಗಳಲ್ಲಿ ಮುಳುಗಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಎರಡನೇ ಮಹಾಯುದ್ಧದಲ್ಲಿ ಈ ಲೆಕ್ಕವನ್ನು ಇನ್ನೂ ಆಳಕ್ಕೆ ಕೊಂಡೊಯ್ದವರು ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್. ಅಡಿಕೆ ತೋಟಕ್ಕೆ ಬೇಲಿ ಹಾಕಿಸಿದವರಿಗೆ ಅವರ ಮಾತು ತಕ್ಷಣ ಅರ್ಥವಾಗುತ್ತದೆ. ಒಂದು ಎಕರೆ ಚೌಕ ತೋಟಕ್ಕೆ ಬೇಕಾದ ಬೇಲಿಯ ಎರಡರಷ್ಟು ಇದ್ದರೆ ನಾಲ್ಕು ಎಕರೆ ಚೌಕವನ್ನು ಸುತ್ತಬಹುದು. ತೋಟ ನಾಲ್ಕು ಪಟ್ಟು, ಬೇಲಿ ಎರಡೇ ಪಟ್ಟು. 80 ಹಡಗುಗಳ ಕಾನ್ವಾಯಿನ ಸುತ್ತಳತೆ 40 ಹಡಗುಗಳದ್ದಕ್ಕಿಂತ ಏಳನೇ ಒಂದು ಪಾಲು ಮಾತ್ರ ಹೆಚ್ಚು ಎಂದು ಬ್ಲ್ಯಾಕೆಟ್ ತಂಡ ತೋರಿಸಿತು. ಅಂದರೆ ಹೆಚ್ಚುಕಡಿಮೆ ಅಷ್ಟೇ ಬೆಂಗಾವಲು ನೌಕೆಗಳಿಂದ ಎರಡರಷ್ಟು ಹಡಗು ಕಾಯಬಹುದು. ಈ ಕಾಗದದ ಮೇಲಿನ ಗಣಿತ ಎಷ್ಟು ನಾವಿಕರ ಜೀವ ಉಳಿಸಿತೋ! ಇದೇ ಬ್ಲ್ಯಾಕೆಟ್ 1948ರಲ್ಲಿ ಸ್ವತಂತ್ರ ಭಾರತದ ರಕ್ಷಣಾ ವಿಜ್ಞಾನ ಯಾವ ದಾರಿ ಹಿಡಿಯಬೇಕು ಎಂದು ನೆಹರೂ ಸರಕಾರಕ್ಕೆ ವರದಿ ಬರೆದುಕೊಟ್ಟರು. ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಕದನ ಎಲ್ಲರಿಗೂ ಗೊತ್ತು. ನಮ್ಮ ಕಡಲಿನ ಕಥೆ ಅಷ್ಟು ಗೊತ್ತಿಲ್ಲ. 1942ರ ನವೆಂಬರ್ 23ರಂದು ಬ್ರಿಟಿಷ್ ಇಂಡಿಯಾ ಕಂಪನಿಯ ‘ತಿಲವಾ’ ಮುಂಬೈಯಿಂದ ಆಫ್ರಿಕಾದ ಮೊಂಬಾಸಾ ಕಡೆಗೆ ಸಾಗುತ್ತಿತ್ತು. ಹಡಗಿನಲ್ಲಿ 958 ಜನ, ಬೆಂಗಾವಲು ಇಲ್ಲ. ಜಪಾನಿನ ಐ-29 ಜಲಾಂತರ್ಗಾಮಿ ಅದನ್ನು ಮುಳುಗಿಸಿತು. 280 ಜನ ಸತ್ತರು. ಉಳಿದವರಲ್ಲಿ ಬಹುತೇಕರನ್ನು ‘ಬರ್ಮಿಂಗ್‌ಹ್ಯಾಮ್’ ಎಂಬ ಸಮರನೌಕೆ ಎತ್ತಿಕೊಂಡಿತು. ಮುಂದಿನ ವರ್ಷ ಮಲೇಷ್ಯಾದ ಪೆನಾಂಗನ್ನು ನೆಲೆ ಮಾಡಿಕೊಂಡು ಜರ್ಮನ್ ಜಲಾಂತರ್ಗಾಮಿಗಳಾದ ಯು-ಬೋಟುಗಳೂ ಇತ್ತ ಬಂದವು. 1943ರ ಅಕ್ಟೋಬರಿನಲ್ಲಿ ಯು-532 ನೈಋತ್ಯ ಭಾರತದ ಕಡಲಲ್ಲಿ ಸಿಂಧಿಯಾ ಕಂಪನಿಯ ‘ಜಲಬಾಲ’ವನ್ನು ಮುಳುಗಿಸಿತು, ‘ಬ್ರಿಟಿಷ್ ಪರ್ಪಸ್’ ಎಂಬ ಟ್ಯಾಂಕರಿಗೆ ಪೆಟ್ಟು ಕೊಟ್ಟಿತು. ಕಾರವಾರದ ನೆರೆಯಲ್ಲೇ, ಪೋರ್ಚುಗೀಸ್ ಗೋವಾದ ಮುರ್ಮಗೋವಾ ಬಂದರಿನಲ್ಲಿ ನಿಂತಿದ್ದ ಜರ್ಮನ್ ಹಡಗು ‘ಎಹ್ರನ್‌ಫೆಲ್ಸ್’ ಹಡಗುಗಳ ಸುಳಿವನ್ನು ರೇಡಿಯೋದಲ್ಲಿ ಯು-ಬೋಟುಗಳಿಗೆ ಕೊಡುತ್ತಿದೆ ಎಂಬ ಗುಮಾನಿ ಬ್ರಿಟಿಷರಿಗಿತ್ತು. 1943ರ ಮಾರ್ಚ್‌ನಲ್ಲಿ ಕೋಲ್ಕತ್ತದ ಸ್ವಯಂಸೇವಕ ಸವಾರರ ತಂಡವೊಂದು ರಾತ್ರೋರಾತ್ರಿ ಅದರ ಮೇಲೆ ಎರಗಿತು.

ಆಗಿನ ರಾಯಲ್ ಇಂಡಿಯನ್ ನೇವಿಯ ಬೆಂಗಾವಲು ನೌಕೆಗಳಿಗೆ ನದಿಗಳ ಹೆಸರು. ಕೊಡಗಿನಲ್ಲಿ ಹುಟ್ಟುವ ಕಾವೇರಿಯ ಹೆಸರಿನದೊಂದು, ಕೃಷ್ಣೆಯ ಹೆಸರಿನದೊಂದು. ‘ಗೋದಾವರಿ’ 1944ರ ಆಗಸ್ಟ್ 12ರಂದು ಸೀಶೆಲ್ಸ್ ಬಳಿ ಬ್ರಿಟಿಷ್ ನೌಕೆ ‘ಫಿಂಡ್‌ಹಾರ್ನ್’ ಜೊತೆ ಸೇರಿ ಜರ್ಮನಿಯ ಯು-198ನ್ನು ಮುಳುಗಿಸಿತು. ಅದಕ್ಕೂ ಮೊದಲು, ಅದೇ ವರ್ಷದ ಫೆಬ್ರವರಿ 11ರಂದು ‘ಜಮುನಾ’ ಕೊಲಂಬೊದಿಂದ ಕೋಲ್ಕತ್ತಕ್ಕೆ ಹೊರಟಿದ್ದ ಕಾನ್ವಾಯ್ ಕಾಯುತ್ತ, ವಿಶಾಖಪಟ್ಟಣದ ಹೊರಗೆ ಎರಡು ಆಸ್ಟ್ರೇಲಿಯನ್ ನೌಕೆಗಳ ಜೊತೆಗೂಡಿ ಜಪಾನಿನ ಆರ್‌ಒ-110 ಜಲಾಂತರ್ಗಾಮಿಯನ್ನು ಮುಗಿಸಿತು. ಕಾವಲು ಗೆದ್ದ ದಿನ ಅದು.

ಮರುದಿನವೇ ಕಾವಲಿನ ಅತಿ ಘೋರ ಮುಖ ಕಾಣಿಸಿತು. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 1,300 ಕಿಲೋಮೀಟರ್, ಮಾಲ್ದೀವ್ಸ್ ದ್ವೀಪಗಳ ನಡುವಿನ ‘ಒಂದೂವರೆ ಡಿಗ್ರಿ’ ಜಲಮಾರ್ಗ. ಮೊಂಬಾಸಾದಿಂದ ಕೊಲಂಬೊಗೆ ಐದು ಸೈನಿಕ ಸಾಗಣೆ ಹಡಗುಗಳು ಸಾಗುತ್ತಿದ್ದವು. ಕಾವಲಿಗೆ ‘ಹಾಕಿನ್ಸ್’ ಎಂಬ ಕ್ರೂಸರ್, ‘ಪೆಟಾರ್ಡ್’ ಮತ್ತು ‘ಪಾಲಡಿನ್’ ಎಂಬ ಎರಡು ಡೆಸ್ಟ್ರಾಯರ್. ಮಧ್ಯಾಹ್ನದ ಹೊತ್ತು, ಶಾಂತ ಕಡಲು. ಜಪಾನಿನ ಐ-27 ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೊಗಳು ‘ಖೆದಿವ್ ಇಸ್ಮಾಯಿಲ್’ ಎಂಬ ಹಡಗಿಗೆ ಬಡಿದವು. ಅದರಲ್ಲಿ ಪೂರ್ವ ಆಫ್ರಿಕಾದ ಫಿರಂಗಿ ದಳದ ಸೈನಿಕರು, ನಾವಿಕರು, ದಾದಿಯರು ಸೇರಿ ಒಂದೂವರೆ ಸಾವಿರ ಜನ. ಮೂರು ನಿಮಿಷದೊಳಗೆ ಹಡಗು ಕಾಣೆಯಾಯಿತು.

ನೀರಿನಲ್ಲಿ ಇನ್ನೂರು ಚಿಲ್ಲರೆ ಜನ ತೇಲುತ್ತಿದ್ದರು. ಜಲಾಂತರ್ಗಾಮಿ ಅವರ ಅಡಿಗೇ ಹೋಗಿ ಅಡಗಿತು.

ಪೆಟಾರ್ಡ್‌ನ ಕಮಾಂಡರ್ ರೂಪರ್ಟ್ ಈಗನ್ ಮುಂದೆ ಎರಡೇ ದಾರಿ. ತೇಲುವವರನ್ನು ಎತ್ತಿಕೊಳ್ಳಲು ಹಡಗು ನಿಲ್ಲಿಸಿದರೆ ಟಾರ್ಪಿಡೊಗೆ ತಾವೇ ಗುರಿ, ಮೇಲಾಗಿ ಉಳಿದ ನಾಲ್ಕು ಹಡಗುಗಳ ಸಾವಿರಾರು ಜನರ ಬೆನ್ನಿಗೆ ಶತ್ರು ಜೀವಂತ. ಜಲಾಂತರ್ಗಾಮಿಯನ್ನು ಹೊಡೆಯಬೇಕೆಂದರೆ ನೀರಿನಡಿ ಸಿಡಿಯುವ ಡೆಪ್ತ್ ಚಾರ್ಜ್ ಹಾಕಬೇಕು. ಅದರ ಒತ್ತಡ ಹತ್ತಿರ ತೇಲುವ ಮನುಷ್ಯನ ಒಳಗನ್ನು ಹಿಂಡಿಬಿಡುತ್ತದೆ. ಡೆಪ್ತ್ ಚಾರ್ಜ್ ಹಾಕಿದರು. ಕೈ ಬೀಸಿ ಕರೆಯುತ್ತಿದ್ದ ತಮ್ಮವರ ನಡುವೆಯೇ ಹಾಕಿದರು. ಕೊನೆಗೆ ಐ-27 ಮೇಲಕ್ಕೆ ಬಂತು. ಪಾಲಡಿನ್ ಅದಕ್ಕೆ ಗುದ್ದಲು ಹೋಗಿ ತಾನೇ ಗಾಯಗೊಂಡಿತು, ಪೆಟಾರ್ಡ್‌ನ ಟಾರ್ಪಿಡೊ ಅದನ್ನು ಸೀಳಿತು. ಖೆದಿವ್ ಇಸ್ಮಾಯಿಲ್‌ನಲ್ಲಿ ಸತ್ತವರು 1,297. ಉಳಿದ ನಾಲ್ಕು ಹಡಗುಗಳಿಗೆ ಏನೂ ಆಗಲಿಲ್ಲ. ಆ ಮಧ್ಯಾಹ್ನ ಆಜ್ಞೆ ಕೊಟ್ಟವರನ್ನೂ ಪಾಲಿಸಿದವರನ್ನೂ ದಡದಲ್ಲಿ ಕುಳಿತು ಅಳೆಯಲು ಯಾರಿಗೂ ಸಾಧ್ಯವಿಲ್ಲ. ಬೆಂಗಾವಲಿಗೆ ಇಂಥ ದಿನವೂ ಬರಬಹುದು ಎಂಬುದು ಮಾತ್ರ ಮರೆಯಬಾರದ ಸತ್ಯ.

ನೀರಿನಡಿಯ ಶತ್ರು ಕಾಣುವುದು ಹೇಗೆ? ಕಾಣುವುದಿಲ್ಲ, ಕೇಳಿಸುತ್ತದೆ. ಮೀನಿನ ಬೋಟುಗಳಲ್ಲಿ ಈಗ ಫಿಶ್ ಫೈಂಡರ್ ಇರುತ್ತದೆ: ಬೋಟಿನ ಅಡಿಯಿಂದ ಒಂದು ಸದ್ದು ಹೊರಡುತ್ತದೆ, ಮೀನಿನ ಹಿಂಡಿಗೆ ತಾಗಿ ಮರಳುತ್ತದೆ, ಪರದೆಯ ಮೇಲೆ ಬಣ್ಣದ ಮೋಡ ಮೂಡುತ್ತದೆ. ಯುದ್ಧನೌಕೆಯ ಸೋನಾರ್ ಇದೇ ತತ್ವದ ದೊಡ್ಡ ರೂಪ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಓಡುವ ಸದ್ದು ಕಡಲಲ್ಲಿ 1,500 ಮೀಟರ್ ಓಡುತ್ತದೆ.

ಆದರೆ ಅದು ನೇರವಾಗಿ ಓಡುವುದಿಲ್ಲ. ಇದೇ ಇಡೀ ಕಥೆಯ ಗಂಟು. ಬಿಸಿಲಿಗೆ ಕಾದ ಮೇಲಿನ ನೀರಿನಲ್ಲಿ ಸದ್ದಿನ ವೇಗ ಹೆಚ್ಚು, ಕೆಳಗಿನ ತಣ್ಣೀರಿನಲ್ಲಿ ಕಡಿಮೆ. ಹೀಗಾಗಿ ಸದ್ದು ಕೆಳಕ್ಕೆ ಬಾಗುತ್ತದೆ, ಒಂದಷ್ಟು ದೂರದ ಆಚೆಗೆ ನೆರಳಿನಂಥ ಜಾಗ ಉಳಿಯುತ್ತದೆ. ಆ ನೆರಳಿನಲ್ಲಿ ಜಲಾಂತರ್ಗಾಮಿ ನಿಂತರೆ ಮೇಲಿನ ನೌಕೆಗೆ ಕಿವುಡು. ಕರಾವಳಿಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣೆಯರು ಸಿಹಿನೀರು ತಂದು ಉಪ್ಪುನೀರಿನ ಮೇಲೆ ಹಾಸುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಆಳದ ತಣ್ಣೀರು ದಡದತ್ತ ಮೇಲೇಳುತ್ತದೆ. ಬೂತಾಯಿ, ಬಂಗುಡೆಯ ಸುಗ್ಗಿಗೆ ಕಾರಣವಾಗುವ ನೀರೇ ಸೋನಾರಿಗೆ ಪದರ ಪದರವಾದ ಪರದೆ. ಇದರ ಮೇಲೆ ಬೆಚ್ಚಗಿನ, ಆಳವಿಲ್ಲದ ಕಡಲುಗಳಲ್ಲಿ ಒಂದು ಜಾತಿಯ ಸಣ್ಣ ಸೀಗಡಿ ಕೊಂಡಿ ಸಿಡಿಸುತ್ತಲೇ ಇರುತ್ತದೆ. ಕೇಳಿದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ. ಆ ಚಟಪಟದ ನಡುವೆ ನಿಶ್ಶಬ್ದವಾಗಿ ನಿಂತ ಉಕ್ಕಿನ ಪೆಟ್ಟಿಗೆಯನ್ನು ಹುಡುಕಬೇಕು.

ಇದೆಷ್ಟು ಕಷ್ಟ ಎಂಬುದು ಮಲ್ಪೆಗೆ ನೋವಿನಿಂದ ಗೊತ್ತು. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರೊಂದಿಗೆ ಹೋದ ‘ಸುವರ್ಣ ತ್ರಿಭುಜ’ ಬೋಟು ಮರಳಲಿಲ್ಲ. ಮಹಾರಾಷ್ಟ್ರದ ಮಾಲ್ವಣದ ಹೊರಗೆ ಕಡಲ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆಯ ‘ನಿರೀಕ್ಷಕ್’ ಪತ್ತೆ ಮಾಡಿದ್ದು 2019ರ ಮೇ ಆರಂಭದಲ್ಲಿ. ಅಲುಗಾಡದೆ ಬಿದ್ದಿದ್ದ, ಅಡಗಿಕೊಳ್ಳುವ ಉದ್ದೇಶವೇ ಇಲ್ಲದ ಬೋಟು ಸಿಗಲು ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. ಆ ಏಳು ಮನೆಗಳವರು ಕಾದ ಕಾಲವದು.

ಕಡಲಿನ ಈ ಕಿವುಡಿಗೆ ಭಾರತ ದೊಡ್ಡ ಬೆಲೆ ತೆತ್ತಿದೆ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಹೊರಗೆ ‘ಖುಕ್ರಿ’ ಮತ್ತು ‘ಕಿರ್ಪಾನ್’ ಪಾಕಿಸ್ತಾನದ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದವು. ಜಲಾಂತರ್ಗಾಮಿ ಬೇಟೆಗೆಂದೇ ಕಟ್ಟಿದ ನೌಕೆಗಳವು. ಆದರೆ ಹಿಡಿಯಬೇಕಾಗಿದ್ದ ‘ಹಂಗೋರ್’ ಇವುಗಳಿಗಿಂತ ಹೊಸತು, ಅದರ ಕಿವಿ ಇವುಗಳಿಗಿಂತ ದೂರ ಕೇಳುತ್ತಿತ್ತು. ಸೋನಾರಿನ ವ್ಯಾಪ್ತಿ ಹೆಚ್ಚಿಸುವ ಹೊಸ ಉಪಕರಣವೊಂದರ ಪ್ರಯೋಗ ಖುಕ್ರಿಯಲ್ಲಿ ನಡೆದಿತ್ತು. ಅದಕ್ಕಾಗಿ ನೌಕೆ ನಿಧಾನವಾಗಿ ಸಾಗಬೇಕಿತ್ತು. ಕಿರ್ಪಾನ್‌ಗೆ ಬಿಟ್ಟ ಟಾರ್ಪಿಡೊ ತಪ್ಪಿತು. ಖುಕ್ರಿಗೆ ಬಿಟ್ಟದ್ದು ತಪ್ಪಲಿಲ್ಲ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಜೀವರಕ್ಷಕ ಕವಚವನ್ನು ಒಬ್ಬ ನಾವಿಕನಿಗೆ ಕೊಟ್ಟು ಹಡಗಿನೊಂದಿಗೇ ಮುಳುಗಿದರು. ಪಾಕಿಸ್ತಾನ ಈಗ ಚೀನಾದಿಂದ ಪಡೆಯುತ್ತಿರುವ ಎಂಟು ಹೊಸ ಜಲಾಂತರ್ಗಾಮಿಗಳ ವರ್ಗಕ್ಕೆ ‘ಹಂಗೋರ್’ ಎಂದೇ ಹೆಸರಿಟ್ಟಿದೆ.

ಖುಕ್ರಿಯ ಪಾಠ ಮೂಲ್ಕಿ, ಮಲ್ಪೆಗಳ ರಚನೆಯಲ್ಲಿ ಕಾಣುತ್ತದೆ. 78 ಮೀಟರ್ ಉದ್ದ, ಸುಮಾರು 900 ಟನ್ ತೂಕ, 25 ನಾಟ್ ವೇಗ. ನೀರಿನೊಳಗೆ ಇಳಿಯುವ ಭಾಗ ಮೂರು ಮೀಟರಿಗಿಂತ ಕಡಿಮೆ. ಆದ್ದರಿಂದ ದೊಡ್ಡ ಸಮರನೌಕೆ ಕಾಲಿಡಲು ಹೆದರುವ ಕಡೆಗೂ ಹೋಗಬಲ್ಲವು. ನೌಕೆಯ ತಳಕ್ಕೆ ಅಂಟಿಕೊಂಡ ಸೋನಾರ್ ಒಂದಾದರೆ, ಹಗ್ಗದ ತುದಿಗೆ ಕಟ್ಟಿ ಬೇಕಾದ ಆಳಕ್ಕೆ ಇಳಿಬಿಡುವ ಸೋನಾರ್ ಇನ್ನೊಂದು. ಬಾವಿಯ ಮೇಲಿನ ನೀರು ಬೆಚ್ಚಗಿದ್ದರೆ ಕೊಡಪಾನವನ್ನು ಇನ್ನಷ್ಟು ಇಳಿಸುವ ಹಾಗೆ, ಬಿಸಿನೀರಿನ ಪದರ ದಾಟಿ ತಣ್ಣೀರಿನಲ್ಲಿ ಕಿವಿಯಿಡಬಹುದು. ಹಗುರ ಟಾರ್ಪಿಡೊಗಳೂ ರಾಕೆಟ್ಟುಗಳೂ ಇವೆ. ಹಳೆಯ ಡೆಪ್ತ್ ಚಾರ್ಜ್ ಕಾಲದಲ್ಲಿ ನೌಕೆ ಶತ್ರುವಿನ ನೆತ್ತಿಯ ಮೇಲೇ ಹಾಯಬೇಕಿತ್ತು, ಹಾಯುವ ಕೊನೆಯ ಕ್ಷಣದಲ್ಲಿ ಸೋನಾರ್ ಕುರುಡಾಗುತ್ತಿತ್ತು. ಈಗ ದೂರದಿಂದಲೇ ಎಸೆಯಬಹುದು.

ಇವು ಹಾರ್ಮುಜ್ ಜಲಸಂಧಿಯವರೆಗೆ ಹೋಗಿ ಟ್ಯಾಂಕರ್ ಕರೆತರುವ ನೌಕೆಗಳಲ್ಲ. ಆ ಕೆಲಸ ಡೆಸ್ಟ್ರಾಯರಿನಂಥ ದೊಡ್ಡ ನೌಕೆಗಳದ್ದು. 2019ರ ಜೂನ್‌ನಲ್ಲಿ ಓಮಾನ್ ಕೊಲ್ಲಿಯಲ್ಲಿ ಟ್ಯಾಂಕರುಗಳ ಮೇಲೆ ದಾಳಿಯಾದ ವಾರದೊಳಗೆ ನೌಕಾಪಡೆ ‘ಆಪರೇಷನ್ ಸಂಕಲ್ಪ’ ಆರಂಭಿಸಿತು, ‘ಚೆನ್ನೈ’ ಮತ್ತು ‘ಸುನಯನಾ’ ಮೊದಲಿಗೆ ಹೊರಟವು. ಕೆಮ್ ಪ್ಲೂಟೊ ಘಟನೆಯ ನಂತರ ಅರಬ್ಬಿ ಸಮುದ್ರದಲ್ಲಿ ‘ಕೊಚ್ಚಿ’, ‘ಕೋಲ್ಕತ್ತ’ ನೌಕೆಗಳೂ ಕಾವಲಿಗೆ ನಿಂತವು. ಮಂಗಳೂರಿನ ಮಟ್ಟಿಗೆ ಇದು ದೂರದ ಸುದ್ದಿಯಲ್ಲ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲ ಎಂಆರ್‌ಪಿಎಲ್ ಇರುವುದು ಇಲ್ಲಿ. ದೇಶದ ತುರ್ತು ಸಂಗ್ರಹಕ್ಕೆಂದು ಬಂಡೆಯೊಳಗೆ ಕೊರೆದ ತೈಲ ಗುಹೆಗಳು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುತ್ತವೆ. ಅಡುಗೆ ಅನಿಲವೂ ಹಡಗಿನಲ್ಲೇ ಬರುತ್ತದೆ.

ಅತಿ ದೊಡ್ಡ ಟ್ಯಾಂಕರುಗಳು ಪಣಂಬೂರು ಬಂದರಿನೊಳಗೆ ಬರುವುದೂ ಇಲ್ಲ. ಅವುಗಳಿಗೆ ಬೇಕಾದಷ್ಟು ಆಳ ಅಲ್ಲಿಲ್ಲ. ದಡದಿಂದ ಹದಿನೈದು ಕಿಲೋಮೀಟರಿಗೂ ಆಚೆ ಕಡಲಲ್ಲಿ ತೇಲುವ ಒಂದು ಬೋಯಾಕ್ಕೆ ಮೂಗುದಾರ ಕಟ್ಟಿಸಿಕೊಂಡು ನಿಲ್ಲುತ್ತವೆ. ಕೊಳವೆ ಜೋಡಿಸುತ್ತಾರೆ, ಕಡಲ ತಳದ ಪೈಪಿನಲ್ಲಿ ತೈಲ ದಡಕ್ಕೆ ಹರಿಯುತ್ತದೆ. ತೈಲ ಖಾಲಿಯಾಗುವ ತನಕ ಲಕ್ಷಾಂತರ ಟನ್ನಿನ ಆ ಹಡಗು ಎಲ್ಲಿಗೂ ಓಡಲಾರದು. ತಣ್ಣೀರುಬಾವಿಯ ಮರಳಿನಲ್ಲಿ ಸಂಜೆ ಕುಳಿತವರಿಗೆ ದಿಗಂತದ ಹತ್ತಿರ ಕಾಣುವ ದೀಪಗಳಲ್ಲಿ ಅಂಥ ಹಡಗುಗಳದ್ದೂ ಇರುತ್ತದೆ. ಮೂಲ್ಕಿ, ಮಲ್ಪೆಗಳಂಥ ನೌಕೆಗಳನ್ನು ಕಟ್ಟಿಸಿದ್ದು ಆ ದೀಪಗಳ ಸುತ್ತಲಿನ ನೀರಿಗಾಗಿ.